ಕಡಲಪಾಚಿ ಕ್ಯಾಪ್ಸೂಲ್ ನುಂಗೋ ಮೊದಲು
ಮೈಲಾಪೂರಿನಲ್ಲಿರೋ ನಮ್ಮತ್ತೆ ಮೊನ್ನೆ ಫೋನ್ ಮಾಡಿ, "ಕಡಲಪಾಚಿ ಕ್ಯಾಪ್ಸೂಲ್‌ನಲ್ಲಿ ಆಂಟಿಆಕ್ಸಿಡೆಂಟ್ ಇದೆಯಂತೆ, ತಗೊಳ್ಲಾ?" ಅಂದರು. ಇರೋದು ನಿಜ. ಮನ್ನಾರ್ ಕೊಲ್ಲಿಯಲ್ಲಿ ಸಿಗುವ ಸರ್ಗಾಸಂ, ಟರ್ಬಿನೇರಿಯಾದಂಥ ಕಂದು ಪಾಚಿಗಳಲ್ಲಿ ಫ್ಲೋರೋಟ್ಯಾನಿನ್‌ಗಳಿವೆ. ಲ್ಯಾಬಿನಲ್ಲಿ ಅವುಗಳ ಸಾರವನ್ನು ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಬೆರೆಸಿದರೆ ಬಣ್ಣ ಹಳದಿಗೆ ತಿರುಗುತ್ತೆ. ಹೆಚ್ಚು ತಿರುಗಿದಷ್ಟೂ ಶಕ್ತಿ ಹೆಚ್ಚು ಅಂತ ಲೆಕ್ಕ. ಆದರೆ ಅದು ಗಾಜಿನ ನಳಿಕೆ ಕಣ್ರೀ, ಅತ್ತೆಯ ಹೊಟ್ಟೆಯಲ್ಲ! ಜೀರ್ಣವಾಗಿ ರಕ್ತಕ್ಕೆ ಎಷ್ಟು ಸೇರುತ್ತೆ ಅನ್ನೋದು ಬೇರೆಯೇ ಪ್ರಶ್ನೆ.

ನನಗೆ ಭಯ ಅಯೋಡಿನ್‌ದು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ ಅಷ್ಟೇ; ಕಂದು ಪಾಚಿಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಇರಬಹುದು. ಅತ್ತೆಗೋ ಥೈರಾಯ್ಡ್ ಮಾತ್ರೆ ನಡೀತಿದೆ. "ಡಾಕ್ಟರಿಗೆ ಬಾಟಲಿ ತೋರಿಸದೆ ಮುಟ್ಟಬೇಡಿ" ಅಂದೆ.

"ಹಾಗಾದ್ರೆ ಚೈನಾ ಗ್ರಾಸ್?" ಅದೂ ಕಡಲಪಾಚಿಯದ್ದೇ, ಆದರೆ ಬೇಯಿಸಿ, ಸೋಸಿ, ಬಣ್ಣ ತೆಗೆದ ಅಗರ್. ಅದನ್ನ ರುಚಿಗೆ ತಿನ್ನಿ ಅತ್ತೆ, ಆಂಟಿಆಕ್ಸಿಡೆಂಟ್‌ಗಲ್ಲ.