ನಂಬಿಕೆಯ ಬೇರು, ಜಾಲದ ಗಂಟು



ಒಬ್ಬರು ಇನ್ನೊಬ್ಬರನ್ನು ಏಕೆ ನಂಬುತ್ತಾರೆ? ಐರ್ಲೆಂಡ್ ಮೂಲದ ರಾಜ್ಯಶಾಸ್ತ್ರಜ್ಞ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಫ್ಯಾರೆಲ್ ಅವರ ವಿದ್ವತ್ ಜೀವನದ ಮೊದಲ ಘಟ್ಟವನ್ನು ಈ ಪ್ರಶ್ನೆಯೇ ಆವರಿಸಿತ್ತು.

2009ರ 'ದಿ ಪೊಲಿಟಿಕಲ್ ಎಕಾನಮಿ ಆಫ್ ಟ್ರಸ್ಟ್' ಗ್ರಂಥದಲ್ಲಿ ಅವರು ಇಟಲಿಯ ಬೊಲೊನ್ಯದ ಪ್ಯಾಕಿಂಗ್ ಯಂತ್ರ ತಯಾರಕರನ್ನೂ ಜರ್ಮನಿಯ ಸ್ಟುಟ್‌ಗಾರ್ಟ್ ಪ್ರದೇಶದ ಯಂತ್ರೋಪಕರಣ ಉದ್ದಿಮೆಯನ್ನೂ ಹೋಲಿಸಿದರು. ನಂಬಿಕೆಯು ಪೂರ್ವಜರಿಂದ ತಾನಾಗಿ ಹರಿದುಬರುವ ಸಂಪತ್ತಲ್ಲ. ಕಾನೂನು, ಸಂಘಸಂಸ್ಥೆ, ರೂಢಿಯ ನಿಯಮಗಳು ಅದನ್ನು ರೂಪಿಸುತ್ತವೆ ಎಂಬುದು ಅಲ್ಲಿನ ವಾದ. ಅದೇ ಗ್ರಂಥ ಸಿಸಿಲಿಯ ಮಾಫಿಯಾವನ್ನೂ ಪರಿಶೀಲಿಸುತ್ತದೆ. 'ನಮ್ಮವನು' ಎಂಬ ಮಾತೊಂದೇ ಅಲ್ಲಿ ಸಂಶಯವನ್ನು ಅಳಿಸಲಾರದು.

ಮುಂದೆ ಅವರ ಗಮನ ಅಂತರ್ಜಾಲದ ರಾಜಕೀಯದತ್ತ ಹೊರಳಿತು. ಜಾಲ ಹಬ್ಬಿದಷ್ಟೂ ಅಧಿಕಾರ ಹಂಚಿಹೋಗುವುದೆಂದು ಅನೇಕರು ಆಶಿಸಿದ್ದರು. 2019ರಲ್ಲಿ ಅಬ್ರಹಾಂ ನ್ಯೂಮನ್ ಅವರೊಡನೆ ಬರೆದ ಲೇಖನದಲ್ಲಿ ಫ್ಯಾರೆಲ್ ಬೇರೆಯದನ್ನೇ ತೋರಿಸಿದರು: ಜಾಲದ ಎಳೆಗಳು ಕೆಲವೇ ಗಂಟುಗಳಲ್ಲಿ ಕೂಡುತ್ತವೆ; ಗಂಟನ್ನು ಹಿಡಿದವರು ಇತರರ ವ್ಯವಹಾರವನ್ನು ಇಣುಕಿ ನೋಡಬಲ್ಲರು, ಬೇಕೆಂದಾಗ ತಡೆಯಲೂಬಲ್ಲರು. 2012ರಲ್ಲಿ ಬೆಲ್ಜಿಯಂನ ಸ್ವಿಫ್ಟ್ ಸಂಸ್ಥೆ ನಿರ್ಬಂಧಿತ ಇರಾನಿ ಬ್ಯಾಂಕುಗಳ ಸಂಪರ್ಕವನ್ನು ಕಡಿದದ್ದು ಇದಕ್ಕೆ ನಿದರ್ಶನ. ಬ್ಯಾಂಕುಗಳು ವಿಶ್ವಾಸವಿಟ್ಟು ಬಳಸುತ್ತಿದ್ದ ಸಂದೇಶ ವ್ಯವಸ್ಥೆಯೇ ಆಗ ಆಯುಧವಾಯಿತು.

ಬಂಧುಗಳೇ, ಬೊಲೊನ್ಯದ ಕಾರ್ಖಾನೆಗೂ ಬೆಲ್ಜಿಯಂನ ಕಂಪ್ಯೂಟರಿಗೂ ನಂಟು ಇರುವುದು ಇಲ್ಲಿಯೇ. ನಿಯಮಗಳು ನಂಬಿಕೆಯನ್ನು ಕಟ್ಟುತ್ತವೆ. ನಿಯಮ ಒಬ್ಬರ ಕೈಯಲ್ಲೇ ಉಳಿದರೆ ಅದೇ ನಂಬಿಕೆ ಉರುಳಾಗುತ್ತದೆ. ಮೊಬೈಲಿನಲ್ಲಿ ಹಣ ಕಳುಹಿಸುವ ಪ್ರತಿಯೊಬ್ಬರೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಗಂಟು ಯಾರ ಕೈಯಲ್ಲಿದೆ? ಅವರು ಯಾರಿಗೆ ಉತ್ತರದಾಯಿಗಳು?