ಆರ್.ಡಿ. ಸಂಖ್ಯೆ ಮತ್ತು ನಮ್ಮ ಗುಟ್ಟು
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಹಲವರು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದವರು. ಹಿಂದೆಲ್ಲ ಜಾತಿ, ಆದಾಯ ಪ್ರಮಾಣಪತ್ರಗಳ ಜೆರಾಕ್ಸ್ ಹಿಡಿದು ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಅಲೆಯಬೇಕಿತ್ತು. ಈಗ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನಾಡಕಚೇರಿ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಕೊಟ್ಟರೆ, ಕಂದಾಯ ಇಲಾಖೆಯ ದಾಖಲೆಯೊಂದಿಗೆ ಅದೇ ತಾಳೆ ನೋಡುತ್ತದೆ. ಇಲಾಖೆಗಳು ಮಾಹಿತಿ ಹಂಚಿಕೊಂಡದ್ದರಿಂದ ಬಡ ತಂದೆಯೊಬ್ಬನ ಎರಡು ದಿನದ ಕೂಲಿ ಉಳಿಯಿತು. ಇದನ್ನು ನಾನು ಸಣ್ಣ ಸಂಗತಿ ಎನ್ನಲಾರೆ.

ಆದರೆ ಒಂದು ಕಚೇರಿಯ ತಪ್ಪೂ ಮತ್ತೊಂದಕ್ಕೆ ಹೀಗೆಯೇ ಸಾಗುತ್ತದೆ. ನಮ್ಮ ಮಕ್ಕಳ ಹೆಸರುಗಳನ್ನೇ ನೋಡಿ. ಶಾಲೆಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮಹಮ್ಮದ್, ಬ್ಯಾಂಕಿನಲ್ಲಿ ಬರೀ ಎಂ.ಡಿ.! ನಮಗೆ ಒಬ್ಬನೇ ಹುಡುಗ, ಕಂಪ್ಯೂಟರಿಗೆ ಮೂವರು. ಅರ್ಜಿಯ ಕೊನೆಯ ದಿನದವರೆಗೆ ಕಾಯದೆ ರಜೆಯಲ್ಲೇ ಇದನ್ನು ಸರಿಪಡಿಸಿಕೊಳ್ಳಿ.

ಇನ್ನು ಗುಟ್ಟಿನ ಮಾತು. ನಾನು ಕಂಡ ಕಾಲೇಜೊಂದರ ನೋಟಿಸ್ ಬೋರ್ಡಿನಲ್ಲಿ ವಿದ್ಯಾರ್ಥಿವೇತನದ ಪಟ್ಟಿ ಅಂಟಿಸಿದ್ದರು: ಹೆಸರು, ಖಾತೆ ಸಂಖ್ಯೆ, ತಂದೆಯ ಆದಾಯ. ಹುಡುಗಿಯೊಬ್ಬಳು ಆ ಆದಾಯದ ಅಂಕಿಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಸರಕಾರದಲ್ಲೂ ಹೀಗೆ ಆಗಿದೆ. ಸುಮಾರು 210 ಸರಕಾರಿ ಜಾಲತಾಣಗಳಲ್ಲಿ ಜನರ ಆಧಾರ್ ವಿವರಗಳು ಬಹಿರಂಗವಾಗಿದ್ದವೆಂದು 2017ರಲ್ಲಿ ಆಧಾರ್ ಪ್ರಾಧಿಕಾರವೇ ತಿಳಿಸಿತು.

ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ ಎಂಬತ್ತು ದಾಟಿತ್ತು! 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು. 2018ರಲ್ಲಿ ಆಧಾರ್ ಕಾಯ್ದೆ ಉಳಿಯಿತು. ಖಾಸಗಿ ಕಂಪನಿಗಳಿಗೆ ಅದರ ಬಳಕೆಗೆ ದಾರಿ ಮಾಡಿದ್ದ 57ನೇ ಕಲಮಿನ ಭಾಗ ಬಿದ್ದುಹೋಯಿತು. 2023ರಲ್ಲಿ ದತ್ತಾಂಶ ರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ತಪ್ಪು ತಿದ್ದಿಸುವ ಹಕ್ಕನ್ನು ಅದು ಕೊಡುತ್ತದೆ. ಆದರೆ ಸರಕಾರ ತಾನು ಸೂಚಿಸಿದ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು. ಈ ಬಾಗಿಲು ತೀರಾ ಅಗಲವಾಯಿತೆಂಬುದು ನನ್ನ ಅಭಿಪ್ರಾಯ.

ಆದಾಯ ಮಿತಿಯೊಳಗಿದೆಯೇ ಎಂದು ಒಂದು ಇಲಾಖೆ ಕೇಳಿದರೆ, ಇನ್ನೊಂದು ಹೌದು ಅಥವಾ ಇಲ್ಲ ಎಂದರೆ ಸಾಲದೇ? ಮೊತ್ತವೇ ಏಕೆ ಹೋಗಬೇಕು? ನಿಮ್ಮಲ್ಲಿ ಕಂಪ್ಯೂಟರ್ ಓದುವವರು ನಾಳೆ ಇಂಥ ವ್ಯವಸ್ಥೆಗಳನ್ನು ಕಟ್ಟುವವರು. ಆಗ ಈ ಪ್ರಶ್ನೆಯನ್ನು ಕೇಳಿ. ಅಲ್ಲಿಯವರೆಗೆ, ಒಪ್ಪುವ ಕಡೆಗಳಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿ. ಸೈಬರ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿದ್ದನ್ನು ನಿಮ್ಮೆದುರೇ ಅಳಿಸಲು ಹೇಳಿ, ಆಮೇಲೆ ಎದ್ದು ಬನ್ನಿ.