ಹಳ್ಳಿಗೆ ಬಂದ ದೂರಶಿಕ್ಷಣ



ಹೊಸ ಬೇಸಾಯ ಕ್ರಮಗಳು ಎಲ್ಲ ಹೊಲಗಳಿಗೂ ತಲುಪಬೇಕಾದರೆ ವಿಸ್ತರಣಾ ಕಾರ್ಯಕರ್ತರ ಓಡಾಟವೊಂದೇ ಸಾಲದು. ಓದು ಬಾರದವರಿಗೆ ಕರಪತ್ರವೂ ದಕ್ಕದು. ಈ ಕೊರತೆಯನ್ನು ನೀಗಲು 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ 'ಡಿಜಿಟಲ್ ಗ್ರೀನ್' ಪ್ರಯತ್ನ ಆರಂಭವಾಯಿತು. ಮುನ್ನಡೆಸಿದವರು ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಇಂಜಿನಿಯರ್ ರಿಕಿನ್ ಗಾಂಧಿ. 2008ರಲ್ಲಿ ಅದು ಸ್ವತಂತ್ರ ಸಂಸ್ಥೆಯಾಯಿತು.

ಕ್ರಮ ಸರಳವಾದುದು. ಊರಿನ ರೈತರೇ ತಮ್ಮ ಹೊಲದಲ್ಲಿ, ತಮ್ಮ ಆಡುಮಾತಿನಲ್ಲಿ ಕೆಲಸವನ್ನು ಮಾಡಿ ತೋರಿಸುತ್ತಾರೆ. ಅದನ್ನು ಚಿತ್ರೀಕರಿಸಿ ಊರಿನವರ ಗುಂಪಿಗೆ ತೋರಿಸಲಾಗುತ್ತದೆ. ಸ್ಥಳೀಯ ಮಾರ್ಗದರ್ಶಿಯು ಚಿತ್ರವನ್ನು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಯಾರು ಏನನ್ನು ಅಳವಡಿಸಿಕೊಂಡರೆಂದು ಬರೆದಿಡುತ್ತಾರೆ. ತಮ್ಮಂಥವರೇ ಮಾಡಿದ್ದನ್ನು ಕಂಡಾಗ ನೋಡುವವರಿಗೆ ಧೈರ್ಯ ಬರುತ್ತದೆ.

ಬಿತ್ತನೆ, ಕಳೆ, ದನಕರುಗಳ ಆರೈಕೆಯಲ್ಲಿ ಹೆಂಗಸರ ದುಡಿಮೆ ದೊಡ್ಡದು. ಅವರಿಗೆ ಬಿಡುವಿಲ್ಲದ ವೇಳೆಯಲ್ಲಿ ಚಿತ್ರ ತೋರಿಸಿದರೆ ಅರ್ಧ ಊರು ಪಾಠದಿಂದ ಹೊರಗುಳಿದಂತೆ.

ಹೊರದೇಶಗಳಲ್ಲಿ ನೆಲೆಸಿದ ಹಳ್ಳಿಯ ಮಕ್ಕಳು ಹುಟ್ಟೂರಿಗೆ ನೆರವಾಗುವುದಾದರೆ ಯಂತ್ರ ಕೊಟ್ಟು ಕೈಬಿಡಬಾರದು. ಮಾರ್ಗದರ್ಶಿಯ ಸಂಭಾವನೆಗೂ ಯಂತ್ರದ ದುರಸ್ತಿಗೂ ಹಣ ಮೀಸಲಿಡುವುದು ಅಗತ್ಯ. ಇಲ್ಲವಾದರೆ ಯಂತ್ರ ಪೆಟ್ಟಿಗೆ ಸೇರುತ್ತದೆ. ರೈತರೂ ಕಂಡ ಪಾಠವನ್ನು ಮೊದಲು ಒಂದು ಗುಂಟೆಯಲ್ಲಿ ಮಾಡಿ ನೋಡಿ, ಫಲ ಕಂಡ ನಂತರ ಉಳಿದ ಹೊಲಕ್ಕೆ ವಿಸ್ತರಿಸುವುದು ಒಳ್ಳೆಯದು.